ಸಪಾಟು ತಳದ ಅಚ್ಚು

ನಾನು ನಿಂತಿದ್ದದ್ದು ಮಿಲಿಟ್ರಿಯೋರ ಮನೆಯ ಹಿತ್ತಲಿನಲ್ಲಿ, ಅಡುಗೆಮನೆಯ ಹಿಂಬಾಗಿಲಿನಿಂದ ಎರಡು ಹೆಜ್ಜೆ ಆಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಆರು ವರ್ಷದ ಹಿಂದಿನ ಕಾರ್ತಿಕ ಮಾಸ, ಭಾನುವಾರ. ಬೆಳಗ್ಗೆ ಹತ್ತಕ್ಕೆ ಇನ್ನೂ ಐದಾರು ನಿಮಿಷ ಇತ್ತು. ಹನ್ನೊಂದಕ್ಕೆ ಆಲೆಮನೆಯವರೊಬ್ಬರು ಗಾಣದ ರೋಲರು ತೆಗೆದುಕೊಂಡು ಹೋಗಲು ನನ್ನ ಶೆಡ್ಡಿಗೆ ಬರುವವರಿದ್ದರು, ಅದಕ್ಕೇ ಗಡಿಯಾರ ನೋಡಿಕೊಂಡಿದ್ದೆ. ಒಲೆ ನನ್ನ ಎದುರಿಗಿತ್ತು. ನಾನು ನಿಂತಿದ್ದ ಜಾಗಕ್ಕೂ ಒಲೆಗೂ ಆರು ಅಡಿ ನಾಲ್ಕು ಇಂಚು. ಆಮೇಲೆ ಒಂದು ದಿನ ಟೇಪು ಹಿಡಿದು ಅಳೆದಿದ್ದೇನೆ. ಒಲೆಯ ಮುಂದೆ ಮಣೆಯ ಮೇಲೆ ಅವರು ಕುಳಿತಿದ್ದರು. ಅವರ ಬಲಕ್ಕೆ ಅವರ ಹೆಂಡತಿ ಪೂಜೆಯ ತಟ್ಟೆ ಹಿಡಿದು ನಿಂತಿದ್ದರು. ನಾಲ್ಕನೆಯವರು ಇರಲಿಲ್ಲ.

ಆ ದಿನ ಗುಂಡಿನ ಎರಕದ ಅಚ್ಚು ಸಿಡಿಯಿತು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಠಾಣೆಯ ಕಾಗದದಲ್ಲೂ ಹಾಗೇ ಇದೆ, ಅದರ ಕೆಳಗೆ ನನ್ನ ರುಜುವೂ ಇದೆ. ಅಚ್ಚು ಸಿಡಿಯಲಿಲ್ಲ. ಅದನ್ನು ಕೊರೆದವನು ನಾನು, ಸಿಡಿಯಲಿಲ್ಲ ಎಂದು ನೋಡಿದವನೂ ನಾನು.

ನಾನು ಲೇತ್ ಕೆಲಸದವನು. ಭಾರತೀನಗರದಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಂದು ವೆಲ್ಡಿಂಗ್ ಸೆಟ್ಟು. ಆಲೆಮನೆಯ ರೋಲರು, ಪಂಪಿನ ಶಾಫ್ಟು, ಕಬ್ಬು ಸಾಗಿಸುವ ಟ್ರೈಲರಿನ ಬುಷ್ಷು, ಇಂಥವೇ ನನ್ನಲ್ಲಿಗೆ ಬರುವುದು. ಬಂದೂಕಿಗೆ ಸಂಬಂಧಪಟ್ಟ ಕೆಲಸ ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಅವರು ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ನನ್ನ ಶೆಡ್ಡಿನಿಂದ ಎರಡು ಮೈಲಿ ಆಚೆಯ ಹಳ್ಳಿ. ಊರಿನವರಿಗೆಲ್ಲ ಅವರು ಮಿಲಿಟ್ರಿಯೋರು, ನನಗೆ ಅಣ್ಣ. ಅವರ ಹತ್ತಿರ ಒಂದೇ ಗುಂಡು ಹಾಕಿ ಹೊಡೆಯುವ ಹಳೆಯ ರೈಫಲ್ಲು ಇತ್ತು, ಲೈಸೆನ್ಸು ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಚುನಾವಣೆ ಮುಗಿದ ಮಾರನೆಯ ವಾರ ಹೋಗಿ ತರುತ್ತಿದ್ದರು. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಕಾಗದದ ಗುರಿಗೆ ಹೊಡೆಯುವುದು, ಆ ಕಾಗದವನ್ನು ಮಡಿಸಿ ತಂದು ಹೆಂಡತಿಗೆ ತೋರಿಸುವುದು, ಇಷ್ಟೇ ಅದರ ಉಪಯೋಗ. ಗದ್ದೆಗೆ ಹಂದಿ ನುಗ್ಗಿದರೂ ಬಂದೂಕು ಮುಟ್ಟುತ್ತಿರಲಿಲ್ಲ, ತಗಡು ಬಡಿಯುತ್ತಿದ್ದರು. ಟೀ ಅಂಗಡಿಯಲ್ಲಿ ಇದನ್ನೇ ಹಿಡಿದುಕೊಂಡು, ಆ ಕೋವಿ ಮಾರಿ ಒಂದು ಎಮ್ಮೆ ಕಟ್ಟಿ ಅಂತ ಯಾರಾದರೂ ಒಬ್ಬರು ಹೇಳುವರು. ಎಮ್ಮೆಗೆ ಲೈಸೆನ್ಸು ಕೊಡಲ್ಲವಂತೆ ಎಂದು ಅವರು ಹೇಳುವರು.

ಗುಂಡನ್ನು ಅವರೇ ಸೀಸ ಕರಗಿಸಿ ಎರಕ ಹೊಯ್ದುಕೊಳ್ಳುತ್ತಿದ್ದರು. ಅದಕ್ಕೂ ಅನುಮತಿಯ ಕಾಗದ ಇತ್ತು. ತೋರಿಸಿದರು, ಓದಿ ನೋಡಿಯೇ ನಾನು ಕೆಲಸ ಹಿಡಿದದ್ದು. ಅವರ ಹಳೆಯ ಅಚ್ಚು ಸವೆದುಹೋಗಿತ್ತು. ಸೈನ್ಯದಲ್ಲಿ ಜೊತೆಗಿದ್ದವರೊಬ್ಬರು ಬೇರೆ ಅಚ್ಚು ಕೊಟ್ಟಿದ್ದರು. ಇಕ್ಕಳದ ಹಾಗೆ ಎರಡು ಹಿಡಿ, ಹಿಡಿಯ ತುದಿಗೆ ಕಬ್ಬಿಣದ ಎರಡು ಹೋಳು. ಹೋಳುಗಳನ್ನು ಕೂಡಿಸಿದರೆ ಒಳಗೆ ಎರಡು ಗುಂಡಿನ ಆಕಾರದ ಪೊಳ್ಳು. ಮೇಲೆ ಒಂದು ತಗಡಿನ ಮುಚ್ಚಳ, ಅದರಲ್ಲಿ ಸೀಸ ಹೊಯ್ಯುವ ತೂತು.

ತೊಂದರೆ ಇದ್ದದ್ದು ಗುಂಡಿನ ತಳದಲ್ಲಿ. ಆ ಅಚ್ಚಿನಿಂದ ಬರುವ ಗುಂಡಿಗೆ ತಳದಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ, ಸೊಂಟ ಸಣ್ಣಗಾದ ಹಾಗೆ. ಆ ಮೆಟ್ಟಿಲಿಗೆ ತಾಮ್ರದ ಪುಟ್ಟ ಟೋಪಿ ಹಾಕಬೇಕು. ಟೋಪಿ ಇಲ್ಲಿ ಸಿಗುವುದಿಲ್ಲ. ಟೋಪಿ ಇಲ್ಲದೆ ಹೊಡೆದರೆ ಗುಂಡು ನೆಟ್ಟಗೆ ಹೋಗುವುದಿಲ್ಲ. ಆ ಮೆಟ್ಟಿಲನ್ನೇ ಕೊರೆದು ತೆಗೆದು, ತಳವನ್ನು ಮೈಯಷ್ಟೇ ಅಗಲ, ಸಪಾಟಾಗಿ ಮಾಡಿಕೊಡಬೇಕು ಎಂದರು. ಹಾಗೆ ಮಾಡಿದರೆ ಟೋಪಿಯ ಹಂಗಿಲ್ಲ.

ಕೆಲಸ ಸಣ್ಣದು, ಆದರೆ ತಪ್ಪಲು ಜಾಗವಿಲ್ಲ. ಒಂದು ಕೂದಲೆಳೆ ಆಚೆ ಹೋದರೂ ತಳ ಒಂದು ಕಡೆಗೆ ವಾಲುತ್ತದೆ. ನಾನು ಎರಡು ಮಧ್ಯಾಹ್ನ ತೆಗೆದುಕೊಂಡೆ, ಒಂದೊಂದು ಪೊಳ್ಳಿಗೆ ಒಂದೊಂದು ದಿನ. ಕರೆಂಟು ಸ್ಥಿರವಾಗಿದ್ದ ಹೊತ್ತು ನೋಡಿ ಲೇತು ಹಾಕಿದೆ. ಅವರು ಎಣ್ಣೆಯ ಡಬ್ಬ ಮಗುಚಿ ಹಾಕಿಕೊಂಡು ಅದರ ಮೇಲೆ ಕುಳಿತು ನೋಡಿದರು. ಮುಗಿದ ಮೇಲೆ ಎರಡು ಹೋಳನ್ನು ಕೂಡಿಸಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಬೆಳಕು ತೂರಾಕಿಲ್ಲ," ಎಂದರು. ಅದು ಅವರ ಹೊಗಳಿಕೆ.

ಅಚ್ಚನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಟ್ಟು ಒಣಗಿಸಿ ಕೊಟ್ಟೆ. ನನ್ನ ಕೈ ಬಿಡುವಾಗ ಅದು ಒಣಗಿತ್ತು. ಕೊಡುವಾಗ ಅವರು, ಸೀಸಕ್ಕೂ ನೀರಿಗೂ ಆಗುವುದಿಲ್ಲ, ಕರಗಿದ ಸೀಸದೊಳಗೆ ಒಂದು ಹನಿ ಸಿಕ್ಕಿಕೊಂಡರೂ ಅದು ಆವಿಯಾಗಿ ಸೀಸವನ್ನು ಎತ್ತಿ ಎಸೆಯುತ್ತದೆ ಎಂದು ನನಗೆ ಹೇಳಿದರು. ನಾನು ಕೇಳಿರಲಿಲ್ಲ, ಅವರಾಗಿ ಹೇಳಿದ್ದು. ಭಾನುವಾರ ಮೊದಲ ಎರಕ, ಬಾ, ಆದರೆ ದೂರ ನಿಂತುಕೊಂಡು ನೋಡಬೇಕು ಎಂದರು.

ಇಲ್ಲಿ ಒಂದು ಮಾತು ಬರೆಯಬೇಕು. ನಮ್ಮ ಕಡೆ ಯಾವ ಹೊಸ ಸಾಮಾನಿಗೂ ಪೂಜೆಯಾಗದೆ ಕೆಲಸ ಶುರುವಾಗುವುದಿಲ್ಲ. ನನ್ನ ಶೆಡ್ಡಿನಲ್ಲೂ ಅಷ್ಟೇ. ರೋಲರು ರೆಡಿಯಾದರೆ ಆಲೆಮನೆಯವರು ಕಾಯಿ ತರುತ್ತಾರೆ. ಕುಂಕುಮ ಇಟ್ಟು, ಹೂವಿಟ್ಟು, ಕಾಯಿ ಒಡೆದು, ಕಾಯಿಯ ನೀರನ್ನು ಕಬ್ಬಿಣದ ಮೇಲೆ ಚಿಮುಕಿಸಿ ಆಮೇಲೆ ಗಾಡಿಗೆ ಹತ್ತಿಸುವುದು. ಆ ನೀರನ್ನು ಯಾರೂ ಒರೆಸುವುದಿಲ್ಲ. ತಾನಾಗಿ ಆರಬೇಕು. ಒರೆಸಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ, ಆದರೆ ಒರೆಸಿದವರನ್ನು ನಾನು ನೋಡಿಲ್ಲ.

ಆ ಭಾನುವಾರ ನಾನು ಹೋದಾಗ ಒಲೆ ಹೊತ್ತಿಸಿ ಅರ್ಧ ಗಂಟೆಯಾಗಿತ್ತು. ಮೂರು ಕಲ್ಲಿನ ಒಲೆ, ಅದರ ಮೇಲೆ ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ಸೀಸ ಕರಗಿ ಕನ್ನಡಿಯ ಹಾಗೆ ನಿಂತಿತ್ತು. ಅಚ್ಚು ಒಲೆಯ ಅಂಚಿನಲ್ಲಿ ಕಾಯುತ್ತಿತ್ತು. ಸೀಸ ತೋಡುವ ಕಬ್ಬಿಣದ ಸೌಟು ಮಾತ್ರ ಒಲೆಯಿಂದ ದೂರ, ಒಂದು ಇಟ್ಟಿಗೆಯ ಮೇಲೆ, ನೆರಳಿನಲ್ಲಿತ್ತು. ಅವರು ಓದುವ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಇನ್ನೂ ಯಾಕೆ ಶುರು ಮಾಡಿಲ್ಲ ಎಂದು ಕೇಳಿದೆ. ಒಳಗಡೆ ಕಣ್ಣು ತೋರಿಸಿದರು.

ಅಕ್ಕ, ಅಂದರೆ ಅವರ ಹೆಂಡತಿ, ಒಳಗಿನ ಪೂಜೆ ಮುಗಿಸಿ ತಟ್ಟೆ ಹಿಡಿದು ಬಂದರು. ಕಾರ್ತಿಕವಾದ್ದರಿಂದ ಒಳಗೆ ಹೊತ್ತಾಗಿತ್ತು. ಗಂಡ ರೇಗಿಸಿದರು.

"ದೇವ್ರು ಎದ್ನಾ, ಇಲ್ಲ ಇನ್ನೂ ಮಲ್ಗವ್ನಾ?"

"ನಿಮ್ಮ ಸೀಸಕ್ಕೇನು ಬಸ್ಸು ತಪ್ಪೋಯ್ತದಾ? ಸುಮ್ಕೆ ಕೂತ್ಕಳಿ," ಎಂದರು ಅಕ್ಕ. ನನ್ನ ಕಡೆ ತಿರುಗಿ, "ನೀನಾದ್ರೂ ಯೇಳಪ್ಪ. ನೀನು ಮಾಡ್ಕೊಟ್ಟಿದ್ದು, ಪೂಜೆ ಇಲ್ದೆ ಬಿಸಿ ಮಾಡವ್ರೆ," ಎಂದರು.

ನಾನು ನಕ್ಕೆ. ನಕ್ಕದ್ದು ನೆನಪಿದೆ.

ಅಕ್ಕ ಬಗ್ಗಿ ಅಚ್ಚಿನ ಹಿಡಿಗೆ ಕುಂಕುಮ ಇಟ್ಟರು. ಇಟ್ಟಿಗೆಯ ಮೇಲಿದ್ದ ಸೌಟಿಗೂ ಕುಂಕುಮ ಇಟ್ಟು, ಅದರ ಗುಳಿಯಲ್ಲಿ ಒಂದು ಹಳದಿ ಸೇವಂತಿಗೆ ಇಟ್ಟರು. ಕಾಯಿಯನ್ನು ಒಗೆಯುವ ಕಲ್ಲಿಗೆ ಒಡೆದು, ನೀರನ್ನು ಲೋಟಕ್ಕೆ ಹಿಡಿದು, ಬೆರಳಿನಿಂದ ಮೂರು ಸಲ ಚಿಮುಕಿಸಿದರು. ಅಚ್ಚಿನ ಮೇಲೆ ಬಿದ್ದ ಹನಿ ಚುಸ್ಸೆಂದು ಕ್ಷಣದಲ್ಲಿ ಆರಿತು. ಅಚ್ಚು ಕಾದಿತ್ತು, ಅದರಲ್ಲಿ ನೀರು ನಿಲ್ಲಲಿಲ್ಲ. ಸೌಟು ತಣ್ಣಗಿತ್ತು. ಸೌಟಿನೊಳಗೆ ಬಿದ್ದದ್ದು ಹೂವಿನ ಮೇಲಿಂದ ಇಳಿದು ತಳಕ್ಕೆ ಹೋಯಿತು. ನನಗೆ ಅದು ಕಾಣಿಸಿತು. ಅರ್ಧ ಚಮಚದಷ್ಟು ಇರಬಹುದು. ಹೆಚ್ಚಿರಲಿಲ್ಲ.

ಒರೆಸಬೇಕು ಎಂದು ನನಗೆ ಅನ್ನಿಸಿತು. ಮೂರು ದಿನದ ಹಿಂದೆ ಅವರೇ ಹೇಳಿದ್ದು ಕಿವಿಯಲ್ಲಿತ್ತು. ಆದರೆ ಅದು ಪೂಜೆಯ ನೀರು, ಹಾಕಿದವರು ಎದುರಿಗೇ ನಿಂತಿದ್ದಾರೆ, ನಾನು ಹೊರಗಿನವನು. ಅಣ್ಣನಿಗೆ ಗೊತ್ತಿರುವ ಕೆಲಸ, ಅವರೇ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಇಷ್ಟು ಯೋಚನೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಆಮೇಲೆ ಎಷ್ಟೋ ಸಲ ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ನಾಲ್ಕು ಸೆಕೆಂಡು.

ಅವರು ಸೌಟನ್ನು ಎಡಗೈಯಲ್ಲಿ ಎತ್ತಿಕೊಂಡರು. ಬಲಗೈಯಿಂದ ಹೂವನ್ನು ತೆಗೆದರು. ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ ಹೂವನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ಹೂವನ್ನು ಪಕ್ಕದ ಮೋಟುಗೋಡೆಯ ಮೇಲಿಟ್ಟರು. ಒಂದು ಗಳಿಗೆ ಬಲಗೈ ಹೆಗಲ ಮೇಲಿದ್ದ ಟವಲ್ಲಿಗೆ ಹೋಯಿತು, ಹಾಗೇ ವಾಪಸು ಬಂತು. ಕನ್ನಡಕವನ್ನು ಕೆಳಗೆ ಎಳೆದುಕೊಳ್ಳಲಿಲ್ಲ. ಸೌಟನ್ನು ಬಲಗೈಗೆ ಬದಲಾಯಿಸಿಕೊಂಡು ಸೀಸಕ್ಕೆ ಅದ್ದಿದರು.

ದೊಡ್ಡ ಸದ್ದೇನೂ ಆಗಲಿಲ್ಲ. ಒಗ್ಗರಣೆ ಸೌಟನ್ನು ಸಾರಿಗೆ ಅದ್ದಿದಾಗ ಬರುತ್ತದಲ್ಲ, ಅಂಥದೇ ಸದ್ದು, ಅದಕ್ಕಿಂತ ಸ್ವಲ್ಪ ದಪ್ಪ. ಬಾಣಲೆಯಿಂದ ಸೀಸ ಒಂದಾಳೆತ್ತರ ಎದ್ದಿತು. ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಎಡಗೈಗೆ ಮೂರು ಹನಿ ಸಿಡಿಯಿತು, ಆಗ ಗೊತ್ತಾಗಲಿಲ್ಲ. ಅಕ್ಕನ ಸೀರೆಯ ಅಂಚಿಗೆ ಬಿದ್ದು ತೂತಾಯಿತು, ಮೈಗೆ ತಾಗಲಿಲ್ಲ. ಅಣ್ಣ ಬಗ್ಗಿದ್ದರು, ಮುಖ ಬಾಣಲೆಯ ಮೇಲೇ ಇತ್ತು.

ಅವರು ಕೂಗಲಿಲ್ಲ. ಮಣೆಯ ಮೇಲಿಂದ ಏಳಲೂ ಇಲ್ಲ. ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕುಳಿತರು. ರೆಪ್ಪೆಯ ಮೇಲೆ ಬೆಳ್ಳಿಯ ಕಾಸಿನ ಹಾಗೆ ಸೀಸ ಅಂಟಿತ್ತು. ಕನ್ನಡಕ ಹಣೆಯ ಮೇಲೆ ಹಾಗೇ ಇತ್ತು. ಅದರ ಗಾಜಿಗೆ ಒಂದು ಹನಿಯೂ ಸಿಡಿದಿರಲಿಲ್ಲ.

"ಕೊಳ್ಳಿ ಈಚೆಗೆ ಎಳಿಯಪ್ಪ," ಎಂದರು.

ನಾನು ಒಲೆಯಿಂದ ಕೊಳ್ಳಿಗಳನ್ನು ಎಳೆದೆ. ಅಕ್ಕ ಬಿಂದಿಗೆಯಿಂದ ಅವರ ಮುಖಕ್ಕೆ ನೀರು ಹೊಯ್ಯುತ್ತಿದ್ದರು. ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ ಹೊರಟೆವು. ಕಬ್ಬು ಅರೆಯುವ ಕಾಲ. ಕಾರ್ಖಾನೆಯ ಮುಂದೆ ರಸ್ತೆಯ ಎರಡು ಕಡೆಯೂ ಕಬ್ಬಿನ ಗಾಡಿ, ಟ್ರ್ಯಾಕ್ಟರು. ಅಲ್ಲಿ ಹನ್ನೆರಡು ನಿಮಿಷ ನಿಂತೆವು. ಮಂಡ್ಯದಿಂದ ಮೈಸೂರಿಗೆ ಕಳುಹಿಸಿದರು. ಬಲಗಣ್ಣು ಹೋಗಿತ್ತು. ಎಡಗಣ್ಣಿನಲ್ಲಿ ಬೆಳಕು, ಕತ್ತಲೆ ಇಷ್ಟು ಗೊತ್ತಾಗುತ್ತದೆ ಎಂದರು.

ಮೂರನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ಅವರು ಹೆಂಡತಿಯನ್ನು ಕಾಫಿ ತರಲು ಕಳುಹಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಕೈ ಚಾಚಿ ಹುಡುಕಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಪೊಲೀಸ್ನೋರು ಬತ್ತಾರೆ. ಅಚ್ಚು ಸಿಡೀತು ಅನ್ನು," ಎಂದರು.

ಹಿಡಿದ ಮಣಿಕಟ್ಟು ಬಿಡಲಿಲ್ಲ.

"ನಿನ್ನ ಮ್ಯಾಲೆ ಕೇಸು ಬರದಂಗೆ ನಾನು ಬರ್ಕೊಡ್ತೀನಿ. ನೀರಿನ ಸುದ್ದಿ ಎತ್ಬೇಡ. ಅವಳು ಬದ್ಕಾಕಿಲ್ಲ ಕಣಪ್ಪ."

ಠಾಣೆಯವರು ಬಂದರು. ಸೀಸ ಹೊಯ್ಯುವಾಗ ಅಚ್ಚಿನ ಬಾಯಿಂದ ಸಿಡಿಯಿತು, ಯಾರ ಮೇಲೂ ದೂರಿಲ್ಲ, ಎಂದು ಅಣ್ಣ ಹೇಳಿ ಬರೆಸಿದರು. ಹೌದೇನಯ್ಯಾ ಎಂದು ಠಾಣೆಯವರು ನನ್ನನ್ನು ಕೇಳಿದರು. ಹೌದು ಎಂದೆ. ಅಕ್ಕ ಬಾಗಿಲ ಹತ್ತಿರ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದರು, ನನ್ನನ್ನೇ ನೋಡುತ್ತಿದ್ದರು. ನಾನು ರುಜು ಹಾಕಿದೆ. ಅದು ಸುಳ್ಳು. ಅಚ್ಚಿಗೆ ಆ ದಿನ ಸೀಸ ಹೊಯ್ಯಲೇ ಇಲ್ಲ.

ಅಲ್ಲಿಂದ ಮುಂದೆ ನಡೆದದ್ದರಲ್ಲಿ ಹೇಳುವಂಥದ್ದು ಕಡಿಮೆ. ಲೇತಿನವನು ಕೊರೆದ ಅಚ್ಚು ಒಡೆದು ಮಿಲಿಟ್ರಿಯೋರ ಕಣ್ಣು ಹೋಯಿತು ಎಂದು ಮದ್ದೂರಿನಿಂದ ಮಳವಳ್ಳಿಯವರೆಗೆ ಸುದ್ದಿಯಾಯಿತು. ಹನ್ನೊಂದಕ್ಕೆ ಬರಬೇಕಾಗಿದ್ದ ಆಲೆಮನೆಯವರು ಆ ರೋಲರನ್ನು ತೆಗೆದುಕೊಂಡು ಹೋದರು. ಮುಂದಿನ ವರ್ಷ ಮಂಡ್ಯದಲ್ಲಿ ಮಾಡಿಸಿದರು. ಅವರನ್ನು ನೋಡಿ ಇನ್ನಿಬ್ಬರು. ಒಂದು ದಿನ ನಾನು ಟೀ ಅಂಗಡಿಯ ಬೆಂಚಿನ ಮೇಲಿದ್ದಾಗ, ನಾನಿರುವುದು ಕಂಡೇ ಒಬ್ಬ ಟ್ರ್ಯಾಕ್ಟರ್ ಡ್ರೈವರು ಜೊತೆಯವನಿಗೆ ಹೇಳಿದ.

"ಇವನ ಲೇತ್‌ತಾವ ಓಯ್ತೀಯಾ? ಎಲ್ಮೆಟ್ ಆಕ್ಕಂಡು ಓಗ್ಲಾ."

ಎಲ್ಲರೂ ನಕ್ಕರು. ನಾನು ಟೀ ಕುಡಿದು ಲೋಟ ಇಟ್ಟು ಬಂದೆ. ಎದ್ದು ಹೇಳಬಹುದಿತ್ತು. ಹೇಳಿದ್ದರೆ ಸಂಜೆಯೊಳಗೆ ಆ ಮನೆಯ ಹಿತ್ತಲಿಗೆ ತಲುಪುತ್ತಿತ್ತು. ಅದೂ ಅಲ್ಲದೆ, ಹೇಳುವುದಾದರೆ ಪೂರ್ತಿ ಹೇಳಬೇಕು: ನೀರು ಇತ್ತು, ನಾನು ನೋಡಿದೆ, ಸುಮ್ಮನಿದ್ದೆ.

ಬಂದೂಕನ್ನು ಅವರು ಠಾಣೆಗೆ ಕೊಟ್ಟುಬಿಟ್ಟರು. ಅಚ್ಚನ್ನು ನನಗೆ ಕೊಟ್ಟರು. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಶೆಡ್ಡಿನ ಕಪಾಟಿನಲ್ಲಿಟ್ಟಿದ್ದೇನೆ. ಅದರಿಂದ ಇವತ್ತಿನವರೆಗೆ ಒಂದು ಗುಂಡೂ ಹೊರಗೆ ಬಂದಿಲ್ಲ. ಎರಡು ಹೋಳು ಕೂಡಿಸಿದರೆ ಈಗಲೂ ಬೆಳಕು ತೂರುವುದಿಲ್ಲ. ಕೆಲಸವಿಲ್ಲದ ದಿನ ತೆಗೆದು ನೋಡುತ್ತೇನೆ. ನೋಡಿದರೆ ಏನೂ ಅನ್ನಿಸುವುದಿಲ್ಲ. ಒರೆಸಿ ಇಡುತ್ತೇನೆ.

ತಿಂಗಳಿಗೊಂದು ಸಲ ಅವರ ಮನೆಗೆ ಹೋಗುತ್ತಿದ್ದೆ. ಅಕ್ಕ ಊಟ ಹಾಕದೆ ಕಳಿಸುತ್ತಿರಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟಿತ್ತೋ ಇಲ್ಲವೋ ತಿಳಿಯದು, ಮುದ್ದೆ ಬಡಿಸುವಾಗ ಮುಖ ನೋಡುತ್ತಿರಲಿಲ್ಲ. ಒಂದನ್ನು ಮಾತ್ರ ನಾನು ಗಮನಿಸಿದ್ದೆ. ಸೌಟು ತೊಳೆದ ಮೇಲೆ ಅವರು ಅದನ್ನು ಸೆರಗಿನಿಂದ ಒರೆಸುತ್ತಿದ್ದರು. ಬೆರಳು ಇಟ್ಟು ತಳ ಮುಟ್ಟಿ ನೋಡುತ್ತಿದ್ದರು. ಮತ್ತೆ ಒರೆಸಿ ಮೊಳೆಗೆ ಹಾಕುತ್ತಿದ್ದರು. ಬೇರೆ ಯಾವ ಪಾತ್ರೆಗೂ ಹಾಗೆ ಮಾಡುತ್ತಿರಲಿಲ್ಲ. ಮೊದಲಿನಿಂದಲೂ ಅದು ಅವರ ರೂಢಿಯೋ, ಆಮೇಲೆ ಬಂದದ್ದೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವುದಿಲ್ಲ.

ಹೋದ ತಿಂಗಳು ಅಕ್ಕ ತೀರಿಕೊಂಡರು. ಜ್ವರ ಬಂದು ನಾಲ್ಕು ದಿನ ಮಲಗಿದ್ದರು, ಅಷ್ಟೇ. ಹನ್ನೊಂದನೆಯ ದಿನದ ತಿಥಿ ಮುಗಿದು, ಊಟ ಮಾಡಿದವರೆಲ್ಲ ಹೊರಟ ಮೇಲೆ, ಮಧ್ಯಾಹ್ನ ಮೂರೂವರೆಗೆ ನಾವಿಬ್ಬರೂ ಹಿತ್ತಲ ಬಾಗಿಲಲ್ಲಿ ಕುಳಿತಿದ್ದೆವು. ಅವರು ಹೊಸ್ತಿಲ ಮೇಲೆ, ನಾನು ಒಗೆಯುವ ಕಲ್ಲಿನ ಮೇಲೆ.

"ಅವತ್ತು ಸೌಟಲ್ಲಿ ನೀರಿತ್ತು," ಎಂದರು. "ನೀನು ನೋಡ್ದಾ?"

"ನೋಡ್ದೆ ಅಣ್ಣ. ಬಾಯ್ಬಿಟ್ಟು ಯೇಳ್ನಿಲ್ಲ."

ಆರು ವರ್ಷ ಇದನ್ನು ಹೇಗೆ ಹೇಳುವುದು ಎಂದು ಯೋಚಿಸಿದ್ದೆ. ಹೇಳಿದಾಗ ಇಷ್ಟೇ ಇತ್ತು. ಅವರು ತಲೆಯಾಡಿಸಿದರು.

"ನಾನೂ ನೋಡ್ದೆ ಕಣಪ್ಪ. ಹೂವ ತಗ್ದಾಗ ತಳದಲ್ಲಿ ಒಳೀತಿತ್ತು. ಒರ್ಸನ ಅಂತ ಟವಲ್ಲಿಗೆ ಕೈ ಆಕ್ದೆ. ಅವಳು ನನ್ನ ಮೊಕಾನೇ ನೋಡ್ಕಂಡು ನಿಂತಿದ್ಲು. ಇಷ್ಟು ನೀರು ಏನು ಮಾಡದು ಬುಡು ಅಂದ್ಕಂಡೆ."

ಅವರ ಕೈ ಟವಲ್ಲಿನವರೆಗೆ ಹೋಗಿ ವಾಪಸು ಬಂದದ್ದನ್ನು ನಾನು ನೋಡಿದ್ದೆ. ಆರು ವರ್ಷದಿಂದ ನೆನಪಿನಲ್ಲಿತ್ತು. ಬೆವರು ಒರೆಸಿಕೊಳ್ಳಲು ಎಂದುಕೊಂಡಿದ್ದೆ.

ಅಕ್ಕನಿಗೆ ಗೊತ್ತಿತ್ತೇ ಎಂದು ಕೇಳಿದೆ.

"ಕೇಳ್ನಿಲ್ಲ," ಎಂದರು. "ಕೇಳುದ್ರೆ ಯೇಳ್ಬುಡ್ತಾಳೆ ಅಂತ ಕೇಳ್ನಿಲ್ಲ." ಆಮೇಲೆ, "ಇನ್ನು ನೀನು ಯಾರ್ಗೆ ಬೇಕಾದ್ರೂ ಯೇಳ್ಕೊ. ಅಚ್ಚು ಚೆನ್ನಾಗಿತ್ತು," ಎಂದರು.

ಅದಕ್ಕೇ ಇದನ್ನು ಬರೆದಿದ್ದೇನೆ. ಯಾರಾದರೂ ರೋಲರು ತಂದುಕೊಡಲಿ ಎಂದಲ್ಲ. ನಾನು ರುಜು ಹಾಕಿದ ಕಾಗದ ಒಂದು ಇದೆ, ಅದರ ಪಕ್ಕದಲ್ಲಿ ಇದೂ ಒಂದು ಇರಬೇಕು.

ಆ ಸೌಟಿನಲ್ಲಿ ನೀರು ಇದ್ದದ್ದನ್ನು ಅಕ್ಕ ನೋಡಿದ್ದರೋ ಇಲ್ಲವೋ ಹೇಳಲಾರೆ, ಅವರು ಈಗ ಇಲ್ಲ. ನೋಡಿದ್ದೇವೆ ಎಂದು ಒಪ್ಪಿಕೊಂಡು ಬದುಕಿರುವವರು ಇಬ್ಬರು. ಒಬ್ಬ ನಾನು, ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಶೆಡ್ಡಿನಲ್ಲಿ ಸಿಗುತ್ತೇನೆ. ಇನ್ನೊಬ್ಬರು ಅಣ್ಣ. ಅದೇ ಮನೆಯಲ್ಲಿದ್ದಾರೆ. ಬಿಸಿಲು ಬಂದದ್ದು, ಹೋದದ್ದು ಈಗಲೂ ಅವರಿಗೆ ತಿಳಿಯುತ್ತದೆ.